ಆಯಿಲ್ ಕಡ್ಡಿ

ಕಸೊಂಡೆ ಕಾರಿನ ಎಂಜಿನ್ನಿನಿಂದ ಆಯಿಲ್ ಕಡ್ಡಿಯನ್ನು ಎಳೆದು, ಹಳೇ ಬನಿಯನ್ನಿನ ಚೂರಿನಿಂದ ಒರೆಸಿ, ಮತ್ತೆ ಒಳಗೆ ತೂರಿಸಿ, ಮತ್ತೆ ಎಳೆದು ಮಗಳ ಮುಖದ ಮುಂದೆ ಹಿಡಿದ.

"ಎಷ್ಟಿದೆ?"

"ಮೇಲಿನ ಗೆರೆಗೆ ಕೂದಲೆಳೆಯಷ್ಟು ಕಮ್ಮಿ," ಎಂದಳು ಸಂಪಾ.

"ಬಣ್ಣ?"

"ಚಹಾದ್ದು. ಹಾಲಿಲ್ಲದ ಚಹಾ."

"ಹಾಗಾದ್ರೆ ಸರಿ."

ಅವನ ಎರಡೂ ಕಣ್ಣಿಗೆ ಪೊರೆ ಬಂದು ಕೆಲವು ವರ್ಷಗಳಾಗಿದ್ದವು. ಕಡ್ಡಿಯ ಮೇಲಿನ ಗೆರೆ ಅವನಿಗೆ ಕಾಣುತ್ತಿರಲಿಲ್ಲ. ಆದರೂ ಪ್ರತಿ ಶನಿವಾರ ಬೆಳಿಗ್ಗೆ ಬಾನೆಟ್ ಎತ್ತುವವನು ಅವನೇ, ಕಡ್ಡಿ ಎಳೆಯುವವನೂ ಅವನೇ. ಓದುವ ಕೆಲಸವಷ್ಟೇ ಮಗಳದು. ಕಾರು ಮನೆಗೆ ಬಂದ ಮೊದಲ ವಾರ ಹೇಳಿಕೊಟ್ಟ ಪಾಠವನ್ನು ಅವನು ಇನ್ನೂ ಬಿಟ್ಟಿರಲಿಲ್ಲ.

"ಮೊದಲನೇ ಸಲ ಕಡ್ಡಿ ಸುಳ್ಳು ಹೇಳುತ್ತೆ. ಒರೆಸಿ ಎರಡನೇ ಸಲ ಕೇಳ್ಬೇಕು."

"ಗೊತ್ತಪ್ಪಾ."

"ಗೊತ್ತಿದ್ರೂ ಕೇಳಿಸ್ಕೋ."

ಆಫ್ರಿಕಾದ ಆ ಭಾಗದಲ್ಲಿ ಜೂನ್ ಅಂದರೆ ಚಳಿಗಾಲ. ಕಿಟ್ವೆಯ ಗಣಿ ಕಡೆಯಿಂದ ಬೀಸಿದ ಗಾಳಿಯಲ್ಲಿ ಗಂಧಕದ ಘಾಟಿತ್ತು. ಕಸೊಂಡೆ ಕೆಮ್ಮುತ್ತ ಒಂದು ಕೈಯನ್ನು ಕಾರಿನ ಮೇಲೆ ಊರಿ ನಿಂತ. ಬಿಳಿ ಬಣ್ಣದ, ನಾಲ್ಕು ಬಾಗಿಲಿನ ಪುಟ್ಟ ಕಾರು. ಜಪಾನಿನಲ್ಲಿ ಯಾರೋ ಓಡಿಸಿ ಬಿಟ್ಟದ್ದು. ಬಾಗಿಲಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿ ಏನು ಬರೆದಿದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೆ ಅದನ್ನು ಕಿತ್ತಿರಲಿಲ್ಲ. ಗಣಿಯೊಳಕ್ಕೆ ಜನರನ್ನು ಇಳಿಸುವ ಪಂಜರದ ಯಂತ್ರ ನಡೆಸುತ್ತಿದ್ದ ಕಸೊಂಡೆ, ಕೆಲಸ ಹೋದಾಗ ಕೈಗೆ ಬಂದ ಹಣದಲ್ಲಿ ಮನೆಯನ್ನೂ ಕಾರನ್ನೂ ಕೊಂಡಿದ್ದ. ಆಮೇಲೆ ಅವನ ಕೈಯಲ್ಲಿ ಏನೂ ಉಳಿಯಲಿಲ್ಲ. ಆಮೇಲಿನದನ್ನೆಲ್ಲ ನಡೆಸಿದ್ದು ಕಾರು. ಕಾರನ್ನು ನಡೆಸಿದ್ದು ಗಂಡನ ಮನೆ ಬಿಟ್ಟು ಬಂದಿದ್ದ ಸಂಪಾ. ಬೆಳಿಗ್ಗೆ ಆಸ್ಪತ್ರೆಯ ನರ್ಸುಗಳು, ಆಮೇಲೆ ಅಮ್ಮನ ಒಣಮೀನಿನ ಚೀಲಗಳು, ಮಧ್ಯಾಹ್ನ ಶಾಲೆಯ ಮಕ್ಕಳು, ಸಂಜೆ ಮತ್ತೆ ಅಮ್ಮ.

ತಾಯಿ ಪ್ರಿಸ್ಕಾ ಮೀನಿನ ಚೀಲವನ್ನು ಡಿಕ್ಕಿಗೆ ಹಾಕುತ್ತ ಕೇಳಿದಳು. "ಪೂಜೆ ಮುಗೀತಾ? ಮಾರ್ಕೆಟ್ಟಲ್ಲಿ ನನ್ನ ಜಾಗಕ್ಕೆ ಟೊಮೇಟೊದವಳು ಬಂದು ಕೂತಿರ್ತಾಳೆ."

"ಟೈರಿನ ಗಾಳಿ ನೋಡಿಲ್ಲ ಇನ್ನೂ," ಎಂದ ಕಸೊಂಡೆ.

"ನನ್ನ ಮೊಣಕಾಲಿನ ಗಾಳಿ ಯಾವತ್ತಾದ್ರೂ ನೋಡಿದ್ರಾ ನೀವು?"

ಸಂಪಾ ನಕ್ಕಳು. ಕಸೊಂಡೆ ಟೈರನ್ನು ಬೂಟಿನಿಂದ ಒದ್ದು, ಸದ್ದು ಕೇಳಿ, ತಲೆಯಾಡಿಸಿದ.

*

ಆ ವಾರದ ಕೊನೆಗೆ ದೂರದ ಕಸಾಮಾ ಊರಿನ ಬಸ್ಸಿನಲ್ಲಿ ಕಸೊಂಡೆಯ ಅಕ್ಕ ಎನೆಲೆಸ್ ಬಂದಿಳಿದಳು. ಜೊತೆಗೆ ಒಂದು ಚೀಲ ಹುರುಳಿ, ಒಂದು ಹಾಸಿಗೆ ಸುರುಳಿ, ಮತ್ತು ಮಗ ಮುಕೂಕಾ. ಹಾಸಿಗೆ ಸುರುಳಿಯನ್ನು ನೋಡಿದ ಕೂಡಲೇ ಪ್ರಿಸ್ಕಾಳಿಗೆ ಅರ್ಥವಾಯಿತು, ಇವರು ಎರಡು ದಿನಕ್ಕೆ ಬಂದವರಲ್ಲ.

ಮುಕೂಕಾ ಲುಸಾಕಾ ಬಸ್ಸಿನಲ್ಲಿ ಕಂಡಕ್ಟರಾಗಿದ್ದು, ಈಗ ಏನೂ ಆಗಿರಲಿಲ್ಲ. ಸಂಪಾಳಿಗಿಂತ ಎರಡು ವರ್ಷಕ್ಕೆ ದೊಡ್ಡವನು. ಒಳಗೆ ಬರುತ್ತಲೇ ಶುರು ಮಾಡಿದ.

"ಏನೇ ಹೆಂಡ್ತಿ, ಗಂಡ ಬಂದ್ರೆ ನೀರು ಕೊಡಲ್ವಾ?"

"ಅತ್ತೆ ಮಗ ಅಂತ ಬಿಟ್ಟಿದೀನಿ. ಬೇರೆಯವ್ರಾಗಿದ್ರೆ ಜ್ಯಾಕ್ ರಾಡು ಕಾಲ್ ಮೇಲೆ ಬೀಳ್ತಿತ್ತು."

"ನೋಡಿದ್ರಾ ಮಾವ, ನಿಮ್ಮ ಮಗಳಿಗೆ ಪ್ರೀತಿ ಎಷ್ಟು!"

ಕಸೊಂಡೆ ಜೋರಾಗಿ ನಕ್ಕು, ಕೆಮ್ಮಿ, ಅಳಿಯನ ಭುಜ ತಡವಿ ಹಿಡಿದುಕೊಂಡ. ಆ ಭುಜವನ್ನು ಊಟದವರೆಗೂ ಬಿಡಲಿಲ್ಲ.

ಪ್ರಿಸ್ಕಾ ಕೋಳಿ ಕೊಯ್ದಿದ್ದಳು. ಇದ್ದಿಲ ಒಲೆಯ ಮೇಲೆ ಮೆಕ್ಕೆಜೋಳದ ಮುದ್ದೆ ತಿರುವಿ, ಗೆಣಸಿನ ಸೊಪ್ಪಿಗೆ ಕಡಲೆಕಾಯಿ ಪುಡಿ ಹಾಕಿ ಬೇಯಿಸಿ, ಮಂಡಿಯೂರಿ ಎಲ್ಲರ ಕೈಗೂ ನೀರು ಹಾಕಿದಳು. ಕೋಳಿಯ ಹೊಟ್ಟೆಯಲ್ಲಿ ಕಾಳು ಅರೆಯುವ ಗಟ್ಟಿ ಚೀಲವಿರುತ್ತದಲ್ಲ, ಅದು ಮನೆಯ ಯಜಮಾನನ ಪಾಲು. ಹೆಂಗಸರು ಅದನ್ನು ಮುಟ್ಟುವುದಿಲ್ಲ, ಮಕ್ಕಳು ಕೇಳುವುದಿಲ್ಲ. ಪ್ರಿಸ್ಕಾ ಅದನ್ನು ಗಂಡನ ತಟ್ಟೆಯ ಅಂಚಿನಲ್ಲಿಟ್ಟಳು. ಕಸೊಂಡೆ ಬೆರಳಿನಿಂದ ತಡಕಿ, ಎತ್ತಿ, ಪಕ್ಕದಲ್ಲಿ ಕೂತಿದ್ದ ಮುಕೂಕಾನ ತಟ್ಟೆಗೆ ಹಾಕಿದ.

"ಬೇಡ ಮಾವ, ನಿಮ್ಮದು ಅದು."

"ತಿನ್ನು. ನನ್ನ ಹಲ್ಲಿಗಾಗಲ್ಲ."

ಎನೆಲೆಸ್ ತಮ್ಮನನ್ನು ನೋಡಿ ಎರಡು ಸಲ ಮೆಲ್ಲಗೆ ಚಪ್ಪಾಳೆ ತಟ್ಟಿದಳು, ಕೃತಜ್ಞತೆ ಹೇಳುವ ಹಾಗೆ. ಪ್ರಿಸ್ಕಾ ಅಡುಗೆಮನೆಗೆ ಎದ್ದುಹೋದಳು. ಸಂಪಾ ಹಿಂದೆಯೇ ಬಂದಳು.

"ಹಲ್ಲಿಗಾಗಲ್ವಂತೆ," ಎಂದಳು ಪ್ರಿಸ್ಕಾ ಪಾತ್ರೆ ಕೆರೆಯುತ್ತ. "ಹೋದ ಕ್ರಿಸ್‌ಮಸ್ಸಿಗೆ ಮೂಳೆನೇ ಪುಡಿ ಮಾಡಿದ್ರು."

"ಒಂದು ತುಂಡು ಮಾಂಸ ಅಮ್ಮಾ."

"ನಿನ್ನ ತಲೆ. ನಿನ್ನಪ್ಪನ ಸೋದರಮಾವ ಸಾಯೋಕೆ ಮುಂಚೆ ನಿನ್ನಪ್ಪನಿಗೆ ಹಿಂಗೇ ಹಾಕಿದ್ರಂತೆ. ನನಗೆ ಮದುವೆ ಆದಾಗಿಂದ ನೂರು ಸಲ ಹೇಳಿದಾರೆ ಆ ಕಥೆ."

ಅವರ ಜನರಲ್ಲಿ ಅಕ್ಕನ ಮಗ ಬರೀ ನೆಂಟನಲ್ಲ. ಮಾವ ಕಣ್ಣು ಮುಚ್ಚಿದರೆ ಮಾವನ ಹೆಸರು, ಕೊಡಲಿ, ಕುರ್ಚಿ ಅವನಿಗೆ. ಮಕ್ಕಳು ತಾಯಿಯ ಕುಲದವರು. ಅವರಿಗೆ ಅವರ ಸೋದರಮಾವ ಕೊಡಬೇಕು. ಸಂಪಾಳಿಗೆ ಸೋದರಮಾವನೇ ಇರಲಿಲ್ಲ. ಪ್ರಿಸ್ಕಾ ಒಬ್ಬಳೇ ಹುಟ್ಟಿದವಳು.

*

ಮುಂದಿನ ಶನಿವಾರ ಸಂಪಾ ಏಳುವಷ್ಟರಲ್ಲಿ ಬಾನೆಟ್ ಎದ್ದಿತ್ತು. ಮುಕೂಕಾ ಒಂದು ಹೊಸ ಆಯಿಲ್ ಡಬ್ಬ ತಂದು ಬಕೆಟ್ಟಿನ ಪಕ್ಕ ಇಟ್ಟಿದ್ದ. ಕಸೊಂಡೆ ಕಡ್ಡಿ ಎಳೆದು ಅವನ ಮುಖದ ಮುಂದೆ ಹಿಡಿದಿದ್ದ.

"ಎಷ್ಟಿದೆ?"

"ತುಂಬಾ ಇದೆ ಮಾವ."

"ತುಂಬಾ ಅಂದ್ರೆ?"

"ಅಂದ್ರೆ… ಬೇಕಾದಷ್ಟು."

ಸಂಪಾ ಬಾಗಿಲಲ್ಲಿ ನಿಂತು ಚಿತೆಂಗೆ ಬಟ್ಟೆಯನ್ನು ಸೊಂಟಕ್ಕೆ ಬಿಗಿದುಕೊಂಡಳು. "ಒರೆಸಿದ್ನಾ ಅಪ್ಪಾ?"

"ಕಲೀತಾನೆ ಬಿಡು," ಎಂದ ಕಸೊಂಡೆ. "ಆಯಿಲ್ ತಂದಿದಾನೆ ನೋಡು, ಸ್ವಂತ ದುಡ್ಡಲ್ಲಿ."

ಸಂಪಾ ಡಬ್ಬದ ಮುಚ್ಚಳ ಬಿಚ್ಚಿ ಮೂಸಿದಳು. ಬೆರಳಿಗೆ ಹಚ್ಚಿ ತಿಕ್ಕಿದಳು. ಬಳಸಿದ ಎಣ್ಣೆಯನ್ನು ಸೋಸಿ ಹೊಸ ಡಬ್ಬಕ್ಕೆ ತುಂಬಿ ಮಾರುವವರು ಮಾರ್ಕೆಟ್ಟಿನ ಹಿಂದೆ ಬೇಕಾದಷ್ಟು ಇದ್ದರು. ಮುಕೂಕಾ ಹಳೇದನ್ನು ಇಳಿಸಿ ಇದನ್ನೇ ಸುರಿದ. ಸಂಪಾ ಮೂರು ದಿನ ಅದರಲ್ಲೇ ಓಡಿಸಿ, ಬುಧವಾರ ನರ್ಸುಗಳನ್ನು ಬಿಟ್ಟು ಬಂದವಳೇ ಅದನ್ನು ಇಳಿಸಿ, ತಾನು ನಂಬುವ ಅಂಗಡಿಯ ಎಣ್ಣೆ ತುಂಬಿದಳು.

ಮುಕೂಕಾ ಕೆಟ್ಟವನಾಗಿರಲಿಲ್ಲ. ಕಸೊಂಡೆಗೆ ಕೆಮ್ಮು ಹತ್ತಿದಾಗ ಬೆನ್ನು ನೀವುತ್ತಿದ್ದ. ನೀರು ನಿಂತ ದಿನ ಮೂರನೇ ಬೀದಿಯಿಂದ ಕೊಡ ಹೊತ್ತು ತಂದ. ಎರಡು ಹಿಂದಿನ ಟೈರು ಸವೆದಿದ್ದವೆಂದು ಯಾರದೋ ಕೈಕಾಲು ಹಿಡಿದು ಎರಡು ಟೈರು ತಂದು ಹಾಕಿಸಿದ. ಹಾಕಿಸಿದ ಮೇಲೆ ಬೀದಿಯಲ್ಲಿ ಹೋಗುವವರಿಗೆಲ್ಲ ತೋರಿಸಿದ.

"ಕಾರಿಗೆ ಯಾರಾದ್ರೂ ಗಂಡಸರು ಬೇಕು ಕಣ್ರೀ," ಎಂದು ಎನೆಲೆಸ್ ಪಕ್ಕದ ಮನೆಯವರಿಗೆ ಹೇಳುವುದು ಪ್ರಿಸ್ಕಾಳಿಗೆ ಕೇಳಿಸಿತು. "ಹೆಂಗಸರು ಓಡಿಸ್ತಾರೆ. ನೋಡ್ಕೊಳ್ಳೋದು ಬೇರೆ."

"ಅಕ್ಕಾ," ಎಂದಳು ಪ್ರಿಸ್ಕಾ ಬೇಲಿಯ ಈಚೆಯಿಂದ, ಮೀನು ಆರಿಸುತ್ತ, "ನಿಮ್ಮ ಮಗ ನಿನ್ನೆ ಬಕೆಟ್ ನೀರು ಹಾಕಿ ಕಾರು ತೊಳೆದ. ನೋಡ್ಕೊಳ್ಳೋದು ಅಂದ್ರೆ ಅದೇನಾ? ನನ್ನ ಮೀನೂ ತೊಳೀತೀನಿ ನಾನು."

"ನಿನ್ನ ಬಾಯಿಗೆ ಬೀಗ ಹಾಕೋ ಗಂಡ ಸಿಗಲಿಲ್ಲ."

"ಸಿಕ್ಕಿದಾರೆ. ಅವರಿಗೆ ಕಣ್ಣು ಕಾಣಲ್ಲ ಅಷ್ಟೆ."

*

ಜುಲೈ ತಿಂಗಳಲ್ಲಿ ಕಾರು ಪೆಟ್ರೋಲ್ ಕುಡಿಯತೊಡಗಿತು. ಬೆಳಿಗ್ಗೆ ಹೊರಟರೆ ಆಸ್ಪತ್ರೆ ಮುಟ್ಟುವವರೆಗೂ ಎಂಜಿನ್ ಬೆಚ್ಚಗಾಗುತ್ತಿರಲಿಲ್ಲ. ಹಿಂದೆ ಕೂತ ನರ್ಸುಗಳು ಹೀಟರಿನ ಬಿಸಿಯಿಲ್ಲದೆ ಚಳಿಗೆ ಹಲ್ಲು ಕಟಕಟಿಸುತ್ತಿದ್ದರು. ಸಂಪಾ ಒಂದು ಮಧ್ಯಾಹ್ನ ರೇಡಿಯೇಟರಿನ ಕೊಳವೆ ಬಿಚ್ಚಿ ನೋಡಿ, ನೇರ ಅಂಗಳಕ್ಕೆ ಬಂದಳು. ಮುಕೂಕಾ ಜಗಲಿಯ ಮೇಲೆ ಕೂತು ಮಾವನ ಉಗುರು ಕತ್ತರಿಸುತ್ತಿದ್ದ.

"ಥರ್ಮೋಸ್ಟಾಟ್ ಎಲ್ಲಿ?"

"ಏನದು?"

"ಎಂಜಿನ್ ಬೆಚ್ಚಗಾಗೋವರೆಗೂ ನೀರನ್ನ ತಡೆದು ಹಿಡಿಯೋದು. ಇಷ್ಟಗಲ. ಹಿತ್ತಾಳೇದು."

"ಓ, ಅದಾ! ತೆಗೆಸ್ದೆ. ಸೇತುವೆ ಹತ್ರ ಇರೋ ಮೆಕ್ಯಾನಿಕ್ ಹೇಳಿದ, ಅದು ಹಿಮ ಬೀಳೋ ದೇಶದವರಿಗೆ. ಆಫ್ರಿಕಾದಲ್ಲಿ ಯಾಕೆ? ಇಲ್ಲಿ ಎಂಜಿನ್ ಆರಾಮಾಗಿ ಉಸಿರಾಡ್ಲಿ ಅಂದ."

"ಬೆಳಿಗ್ಗೆ ಆರು ಗಂಟೆಗೆ ನೀನು ಅಂಗಳದಲ್ಲಿ ಬರಿ ಮೈಯಲ್ಲಿ ಆರಾಮಾಗಿ ಉಸಿರಾಡಿ ನೋಡು. ಯಾವ ದೇಶ ಅಂತ ಗೊತ್ತಾಗುತ್ತೆ."

"ಮಾವ ಬೇಡ ಅನ್ನಲಿಲ್ಲ."

ಸಂಪಾ ಅಪ್ಪನ ಕಡೆ ತಿರುಗಿದಳು. ಕಸೊಂಡೆ ಉಗುರು ಕತ್ತರಿಸಿದ ಬೆರಳುಗಳನ್ನು ಒಂದೊಂದಾಗಿ ತಡವುತ್ತಿದ್ದ.

"ನಿಮಗೆ ಗೊತ್ತಿತ್ತು ಅಪ್ಪಾ. ನೀವೇ ಹೇಳಿಕೊಟ್ಟಿದ್ದು ನನಗೆ, ಅದನ್ನ ಯಾರು ತೆಗೀ ಅಂದ್ರೂ ತೆಗೀಬೇಡ ಅಂತ."

"ಹುಡುಗ ಖುಷಿಯಿಂದ ಮಾಡಿಸಿದ," ಎಂದ ಕಸೊಂಡೆ. "ಒಂದು ತಪ್ಪು ಮಾಡಿದ್ರೆ ಕಲೀತಾನೆ. ನೀನೂ ಹಂಗೇ ಕಲ್ತಿದ್ದು."

"ನಾನು ತಪ್ಪು ಮಾಡಿದಾಗ ನನ್ನ ಕೈಗೆ ಪಾನಾದಲ್ಲಿ ಹೊಡೆದ್ರಿ."

ಕಸೊಂಡೆ ಇನ್ನೊಂದು ಕೈಯನ್ನು ಮುಕೂಕಾನ ಕಡೆ ಚಾಚಿದ. ಸಂಪಾ ಹೊಸ ಥರ್ಮೋಸ್ಟಾಟ್ ತಂದು ಹಾಕಿದಳು. ಆ ವಾರ ಮನೆಯಲ್ಲಿ ಮುದ್ದೆಯ ಜೊತೆ ಬರೀ ಸೊಪ್ಪು. ಎನೆಲೆಸ್ ತಟ್ಟೆ ನೋಡಿ, "ಕಸಾಮಾದಲ್ಲಿ ನಾವು ಬಡವರು. ಆದ್ರೂ ಸೊಪ್ಪಿಗೆ ಜೊತೆ ಇರುತ್ತೆ," ಎಂದಳು.

"ಜೊತೆ ಕಾರಿನೊಳಗಿದೆ ಅತ್ತೆ," ಎಂದಳು ಸಂಪಾ. "ಬಾನೆಟ್ ತೆಗೆದು ತೋರಿಸ್ಲಾ?"

*

ಆಗಸ್ಟಿನಲ್ಲಿ ಕಸೊಂಡೆಯ ಕೆಮ್ಮು ಹೆಚ್ಚಿತು. ಸಂಪಾ ಅವನನ್ನು ಕ್ಲಿನಿಕ್ಕಿಗೆ ಕರೆದೊಯ್ಯುತ್ತಿದ್ದಾಗ, ಮಾರ್ಕೆಟ್ಟಿನ ತಿರುವಿನಲ್ಲಿ ಗಾಡಿಗಳು ನಿಂತವು. ಅವಳು ಎಂಜಿನ್ ಆರಿಸದೆ, ಎದುರು ನೋಡುತ್ತಲೇ ಕೇಳಿದಳು.

"ಅಪ್ಪಾ, ಅತ್ತೆ ಮುಂದೆ ಒಂದು ಮಾತು ಹೇಳಿಬಿಡಿ. ಕಾರು ಸಂಪಾದು ಅಂತ."

"ಕಾರು ಮನೇದು."

"ಯಾರ ಮನೇದು?"

"ಎಂಜಿನ್ ಸದ್ದು ಕೇಳು. ಬೆಲ್ಟ್ ಸಡಿಲ ಆಗಿದೆ."

"ಬೆಲ್ಟ್ ನಾಳೆ ಬಿಗೀತೀನಿ. ನಾನು ಕೇಳಿದ್ದು ಬೇರೆ."

"ನೀನು ಕೇಳಿದ್ದಕ್ಕೆ ಹೇಳ್ದೆ. ಮನೇದು."

ಆ ರಾತ್ರಿಯ ಊಟವಾದ ಮೇಲೆ ಪ್ರಿಸ್ಕಾ ಮತ್ತು ಕಸೊಂಡೆ ಜಗಳವಾಡಿದರು. ಮುಕೂಕಾ ಬೀದಿಯಲ್ಲಿದ್ದ. ಎನೆಲೆಸ್ ಒಳಕೋಣೆಯಲ್ಲಿ ನಿದ್ದೆ ಬಂದವಳಂತೆ ಮಲಗಿದ್ದಳು.

"ನಿಮ್ಮಕ್ಕ ದಿನಾ ನಿಮ್ಮ ಕಿವಿಗೆ ಏನು ಊದ್ತಾರೆ, ನನಗೆ ಕೇಳಿಸುತ್ತೆ," ಎಂದಳು ಪ್ರಿಸ್ಕಾ. "ಸತ್ತ ಮೇಲೆ ಕಾನೂನು ಹೆಂಡ್ತಿ ಮಕ್ಕಳ ಕಡೆ. ಅದಕ್ಕೇ ಬದುಕಿರುವಾಗ್ಲೇ ಹೇಳ್ಬಿಡು ಅಂತಾರೆ. ನೀವು ಸಾಯೋ ಮಾತು ನನ್ನ ಮನೇಲಿ, ನನ್ನ ಒಲೆ ಮುಂದೆ!"

"ನಾನು ಸಾಯ್ತೀನಿ ಸಂಪಾನಮ್ಮಾ. ಅದೇನು ಗುಟ್ಟಲ್ಲ."

"ಸಾಯಿರಿ. ಕಾರು ಕೊಟ್ಟು ಸಾಯಬೇಡಿ."

"ನನ್ನ ಹೆಸರು ಯಾರಾದ್ರೂ ಹೊರಬೇಕು. ಖಾಲಿ ಕೈಯವನು ಹೊರ್ತಾನಾ? ನನ್ನ ಮಾವನ ಸೈಕಲ್ ನನಗೆ ಬಂತು. ಆ ಸೈಕಲ್ ತುಳ್ಕೊಂಡೇ ನಾನು ಗಣಿಗೆ ಬಂದಿದ್ದು. ಅದಿಲ್ದಿದ್ರೆ ಈ ಮನೆ ಎಲ್ಲಿ, ನೀನೆಲ್ಲಿ? ಅವರ ಮಕ್ಕಳು ಆವತ್ತು ಒಂದು ಮಾತಾಡಲಿಲ್ಲ."

"ಮಾತಾಡಿರ್ತಾರೆ. ನೀವು ಸೈಕಲ್ ಮೇಲಿದ್ರಿ."

ಕಸೊಂಡೆ ಬಹಳ ಹೊತ್ತು ಕೆಮ್ಮಿದ. ಪ್ರಿಸ್ಕಾ ಬಿಸಿನೀರು ತಂದು ಕೊಟ್ಟಳು. ಅವನು ಕುಡಿದು ಲೋಟ ಹಿಂದೆ ಕೊಡುವಾಗ, "ನಿಂಬೆ ಹಾಕಿಲ್ಲ," ಎಂದ.

"ನಿಮ್ಮ ಅಳಿಯ ತಂದು ಕೊಡ್ಲಿ," ಎಂದಳು ಅವಳು.

*

ಸೆಪ್ಟೆಂಬರಿನ ಒಂದು ಭಾನುವಾರ, ಚರ್ಚಿನಿಂದ ಬಂದ ಮೇಲೆ, ಎನೆಲೆಸ್ ಎಲ್ಲರನ್ನೂ ಆವೊಕಾಡೊ ಮರದ ಕೆಳಗೆ ಕೂರಿಸಿದಳು. ಕುರ್ಚಿ ಒಂದೇ; ಅದರಲ್ಲಿ ಕಸೊಂಡೆ. ಉಳಿದವರು ಚಾಪೆಯ ಮೇಲೆ. ಕಾರು ಎರಡು ಮಾರು ದೂರದಲ್ಲಿ ನೆರಳಿನಲ್ಲಿತ್ತು.

"ತಮ್ಮನಿಗೆ ಹೇಳೋದಿದೆ," ಎಂದಳು ಎನೆಲೆಸ್.

"ತಮ್ಮನಿಗಿದೆಯೋ ಅಕ್ಕನಿಗಿದೆಯೋ?" ಎಂದಳು ಪ್ರಿಸ್ಕಾ.

"ಸಂಪಾನಮ್ಮಾ, ಸುಮ್ನಿರು," ಎಂದ ಕಸೊಂಡೆ.

ಅಷ್ಟರಲ್ಲಿ ಸಂಪಾ ಮಂಡಿಯೂರಿದಳು, ಹಿರಿಯರ ಮುಂದೆ ಮಾತೆತ್ತುವವರು ಊರುವ ಹಾಗೆ. "ಅಪ್ಪಾ, ನೀವು ಹೇಳೋ ಮುಂಚೆ ನಾನು ಕೇಳ್ತೀನಿ. ಆವತ್ತು ಕಾರಲ್ಲಿ ಕೇಳಿದ್ದೆ, ಮನೇದು ಅಂದ್ರಿ. ಒರೆಸಿ ಎರಡನೇ ಸಲ ಕೇಳ್ತಿದೀನಿ. ಕಾರು ಯಾರದು?"

ಕಸೊಂಡೆಯ ಪೊರೆಗಣ್ಣು ಅವಳ ತಲೆಯ ಮೇಲಿಂದ ಎಲ್ಲಿಗೋ ನೋಡುತ್ತಿತ್ತು.

"ನನ್ನದು," ಎಂದ. "ನಾನು ಕೊಂಡಿದ್ದು. ನಾನು ಕೊಂಡಿದ್ದನ್ನ ನನ್ನ ಅಕ್ಕನ ಮಗನಿಗೆ ಕೊಡ್ತಿದೀನಿ. ಮುಕೂಕಾ ನನ್ನ ಹೆಸರು ಹೊರ್ತಾನೆ."

ಎನೆಲೆಸ್ ಚಪ್ಪಾಳೆ ತಟ್ಟಿದಳು. ಮುಕೂಕಾ ನೆಲ ನೋಡಿದ. ಅವನಿಗೆ ನಾಚಿಕೆಯಾದದ್ದು ಎಲ್ಲರಿಗೂ ಕಂಡಿತು. ಬೇಡ ಎನ್ನದಿದ್ದದ್ದೂ ಎಲ್ಲರಿಗೂ ಕಂಡಿತು.

"ಮಾವ, ಸಂಪಾ ಇಷ್ಟು ವರ್ಷ…"

"ಸಂಪಾಗೆ ಏನು ಕಮ್ಮಿ?" ಎಂದಳು ಎನೆಲೆಸ್. "ಗಂಡನ ಮನೆ ಬಿಟ್ಟು ಬಂದಾಗ ಜಾಗ ಕೊಟ್ಟಿಲ್ವಾ ನನ್ನ ತಮ್ಮ? ಓಡಿಸೋಕೆ ಕಾರು ಕೊಟ್ಟಿಲ್ವಾ? ಶನಿವಾರ ಹೊರಡ್ತೀವಿ ಕಸಾಮಾಗೆ. ಅಲ್ಲಿ ಟ್ಯಾಕ್ಸಿ ಓಡಿಸ್ತಾನೆ. ತಿಂಗಳಿಗೊಂದು ಸಲ ಬರ್ತಾನೆ, ಮಾವನ್ನ ನೋಡ್ತಾನೆ. ಬಂದಾಗ ಕಾರನ್ನ ಸಂಪಾ ನೋಡ್ಲಿ. ಅದರ ಗುಣ ಅವಳಿಗೇ ಗೊತ್ತಲ್ಲ."

"ಹೂಂ," ಎಂದ ಕಸೊಂಡೆ. "ದೂರದ ದಾರಿ. ಶನಿವಾರ ಬೆಳಿಗ್ಗೆ ಚೆನ್ನಾಗಿ ನೋಡಿ ಕೊಡು ಮಗಾ."

ಸಂಪಾ ಎದ್ದು ಮಂಡಿಯ ಮಣ್ಣು ಕೊಡವಿಕೊಂಡಳು.

"ನೋಡಿ ಕೊಡ್ತೀನಿ."

ಆ ವಾರ ಅವಳು ಎಂದಿನಂತೆ ನರ್ಸುಗಳನ್ನು ಬಿಟ್ಟಳು, ಮೀನು ಹೊತ್ತಳು, ಮಕ್ಕಳನ್ನು ತಂದಳು. ಮನೆಯಲ್ಲಿ ಉಪ್ಪು ಕೊಡು, ದೀಪ ಆರಿಸು, ಇಷ್ಟರ ಹೊರತು ಯಾರೂ ಯಾರ ಜೊತೆಯೂ ಮಾತಾಡಲಿಲ್ಲ.

*

ಶನಿವಾರ ಮುಕೂಕಾ ಹಲ್ಲುಜ್ಜುತ್ತ ಹೊರಗೆ ಬಂದಾಗ, ಅಂಗಳದಲ್ಲಿ ಪ್ರಿಸ್ಕಾಳ ಹಳೇ ಚಿತೆಂಗೆ ಬಟ್ಟೆಯೊಂದು ಹಾಸಿತ್ತು. ಅದರ ಮೇಲೆ ಬ್ಯಾಟರಿ. ಬ್ಯಾಟರಿಯ ಪಕ್ಕ ನಾಲ್ಕು ಸ್ಪಾರ್ಕ್ ಪ್ಲಗ್ಗು, ಹಲ್ಲು ಕಿತ್ತು ಜೋಡಿಸಿಟ್ಟ ಹಾಗೆ.

"ಏನೇ ಹೆಂಡ್ತಿ, ಇಷ್ಟೊಂದು ಸರ್ವಿಸ್ಸಾ?"

ಸಂಪಾ ಫ್ಯಾನ್ ಬೆಲ್ಟ್ ಬಿಚ್ಚಿ ತಂದಿಟ್ಟಳು. ಆಮೇಲೆ ರೇಡಿಯೇಟರಿನ ಕೊಳವೆಗಳು, ಮೇಲಿನದು, ಕೆಳಗಿನದು. ಹಿತ್ತಾಳೆಯ ಥರ್ಮೋಸ್ಟಾಟ್. ಗಾಳಿ ಸೋಸುವ ಫಿಲ್ಟರ್. ಅವಳ ಕೈ ಅವಸರ ಮಾಡಲಿಲ್ಲ. ಪ್ರತಿ ಬೋಲ್ಟನ್ನೂ ಬಿಚ್ಚಿದ ಮೇಲೆ ಅದರ ತೂತಿಗೇ ಮತ್ತೆ ತಿರುಗಿಸಿ ಬಿಡುತ್ತಿದ್ದಳು, ಕಳೆದುಹೋಗದ ಹಾಗೆ. ಮುಕೂಕಾ ಬಾಯಲ್ಲಿದ್ದ ನೊರೆ ಉಗಿದ.

"ಅಮ್ಮಾ! ಇಲ್ಲಿ ಬಾ!"

ಎನೆಲೆಸ್ ಬಂದಳು. ಹಿಂದೆ ಗೋಡೆ ತಡವುತ್ತ ಕಸೊಂಡೆ, ಆಮೇಲೆ ಪ್ರಿಸ್ಕಾ.

"ಏನ್ ಮಾಡ್ತಿದೀಯ? ಬುದ್ಧಿ ಇದೆಯಾ ನಿಂಗೆ?" ಎನೆಲೆಸ್ ಕೂಗಿದಳು.

"ಅಪ್ಪ ಕೊಂಡಿದ್ದು ನಿಮ್ಮ ಮಗನಿಗೆ," ಎಂದಳು ಸಂಪಾ ಬಾನೆಟ್ಟಿನೊಳಗಿಂದ. "ನಾನು ಕೊಂಡಿದ್ದು ನನಗೆ. ಅಪ್ಪ ನನ್ನದನ್ನೂ ಕೊಡ್ತೀನಿ ಅಂತ ಹೇಳಲಿಲ್ಲ."

"ಸುಳ್ಳಿ! ಮುಕೂಕಾ, ಕಿತ್ಕೋ ಅವಳ ಕೈಯಿಂದ!"

ಮುಕೂಕಾ ಒಂದು ಹೆಜ್ಜೆ ಇಟ್ಟ. ಕಸೊಂಡೆ ಕೈಯೆತ್ತಿದ.

"ಯಾರೂ ಮುಟ್ಟಬೇಡಿ. ಕುರ್ಚಿ ತನ್ನಿ."

ಕುರ್ಚಿ ತಂದರು. ಅವನು ಬಟ್ಟೆಯ ಪಕ್ಕ ಕೂತು, ಮುಂದಕ್ಕೆ ಬಾಗಿ, ಒಂದೊಂದನ್ನೂ ಬೆರಳಿನಿಂದ ಮುಟ್ಟಿದ.

"ಬ್ಯಾಟರಿ ಅವಳದು," ಎಂದ. "ನನ್ನದು ಸತ್ತು ಎಷ್ಟೋ ವರ್ಷ ಆಯ್ತು."

"ಆ ಬೆಲ್ಟ್?" ಎಂದಳು ಎನೆಲೆಸ್.

"ಅವಳದು."

"ಎಲ್ಲಾ ಅವಳದು ಅಂತೀಯಲ್ಲ! ಇದು? ಈ ದೊಡ್ಡದು?"

ಸಂಪಾ ಆಗಷ್ಟೇ ಆಲ್ಟರ್ನೇಟರನ್ನು ಎರಡೂ ಕೈಯಲ್ಲಿ ಹೊತ್ತು ತಂದು ಇಟ್ಟಿದ್ದಳು. ಕಸೊಂಡೆ ಅದರ ಮೈಮೇಲಿನ ಸೀಳುಗಳನ್ನು ತಡವಿದ. "ನಾನು ಆಸ್ಪತ್ರೇಲಿ ಮಲಗಿದ್ದಾಗ ಹಾಕಿಸಿದ್ದು. ಮದುವೇಲಿ ಕೊಟ್ಟಿದ್ದ ಹೊಲಿಗೆ ಮಿಷನ್ ಮಾರಿದ್ಲು. ಅವಳದು."

"ನೀನು ಯಾರ ಕಡೆ ತಮ್ಮಾ?"

"ನನ್ನ ಮಾತು ಹೇಳಿದೀನಿ, ಅದನ್ನ ಹಿಂದೆ ತಗೊಳ್ಳಲ್ಲ. ಕಾರು ಮುಕೂಕಾಂದು. ಆದ್ರೆ ಸುಳ್ಳು ಸಾಕ್ಷಿ ಹೇಳು ಅನ್ಬೇಡ."

ಸಂಪಾ ಜ್ಯಾಕ್ ಹಚ್ಚಿ ಮುಂದಿನ ಎರಡು ಚಕ್ರ ಬಿಚ್ಚಿದಳು. ಚಕ್ರದ ಹಿಂದೆ ಕೂತ ಬ್ರೇಕಿನ ಪ್ಯಾಡುಗಳನ್ನೂ ಬಿಚ್ಚಿದಳು. ಕಾರನ್ನು ಇಟ್ಟಿಗೆಗಳ ಮೇಲೆ ಇಳಿಸಿದಳು. ಹಿಂದಿನ ಎರಡನ್ನು ಮುಟ್ಟಲಿಲ್ಲ.

"ಅವು ನಿನ್ನವು," ಎಂದಳು ಮುಕೂಕಾನಿಗೆ.

"ನಿಂಗೆ ಹುಚ್ಚು ಹಿಡಿದಿದೆ," ಎಂದ ಅವನು. ಅವನ ದನಿಯಲ್ಲಿ ಜೋಕು ಉಳಿದಿರಲಿಲ್ಲ. "ಇವನ್ನೆಲ್ಲ ಇಟ್ಕೊಂಡು ಏನ್ ಮಾಡ್ತೀಯ? ಇವುಗಳ ಮೇಲೆ ಕೂತು ಓಡಿಸ್ತೀಯಾ?"

"ನೀನು ಅದರೊಳಗೆ ಕೂತು ಓಡಿಸು. ನೋಡೋಣ ಯಾರು ಮೊದಲು ಕಸಾಮಾ ಮುಟ್ತಾರೆ."

ಬೇಲಿಯ ಆಚೆ ಜನ ಸೇರಿದ್ದರು. ಸಂಪಾ ಒರೆಸುವ ಬಟ್ಟೆಗೆ ಕೈ ಒರೆಸಿ, ಪಾನಾಗಳನ್ನು ಡಬ್ಬಕ್ಕೆ ಹಾಕತೊಡಗಿದಳು. ಆಗ ಕಸೊಂಡೆ ಕುರ್ಚಿಯಿಂದ ಎದ್ದ.

"ಮುಗೀತಾ?"

"ಮುಗೀತು."

"ಮುಗೀಲಿಲ್ಲ," ಎಂದ. "ಎಣ್ಣೆ?"

ಸಂಪಾ ಕೈಲಿದ್ದ ಪಾನಾವನ್ನು ಕೆಳಗಿಟ್ಟಳು.

"ಎಣ್ಣೆ ಯಾರದು? ಮುಕೂಕಾ ತಂದಿದ್ದನ್ನ ನೀನು ಆ ವಾರದ ಬುಧವಾರವೇ ಇಳಿಸಿ ಚೆಲ್ಲಿದೆ. ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಎಂಜಿನ್ ಸದ್ದು ಬದಲಾಯ್ತು. ಒಳಗಿರೋ ಎಣ್ಣೆ ನಿನ್ನದು. ಅದನ್ನ ಯಾಕೆ ಬಿಡ್ತೀಯ? ತೆಗಿ."

"ಅಪ್ಪಾ…"

"ಕೆಲಸ ಅರ್ಧ ಮಾಡೋದು ನಾನು ಕಲಿಸಿಲ್ಲ. ತೆಗಿ."

ಅವನು ತಡವುತ್ತ ಹೋಗಿ ಗೋಡೆಗೆ ಒರಗಿಸಿದ್ದ ತಗಡಿನ ಬೋಗುಣಿ ತಂದ. ಕಾರಿನ ಪಕ್ಕ ಮೊಣಕಾಲೂರಿ, ಅದನ್ನು ಎಂಜಿನ್ನಿನ ಅಡಿಗೆ ತಳ್ಳಿದ. ಸರಿಯಾಗಿ ಅದರ ಜಾಗಕ್ಕೆ. ಸಂಪಾ ಬೆನ್ನ ಮೇಲೆ ಮಲಗಿ ಕಾರಿನಡಿಗೆ ತೆವಳಿದಳು. ಅಡಿಯ ಬಿರಡೆ ಬಿಚ್ಚಿದಳು. ಎಣ್ಣೆ ಮೊದಲು ಹಗ್ಗದಂತೆ, ಆಮೇಲೆ ದಾರದಂತೆ, ಆಮೇಲೆ ಹನಿಹನಿಯಾಗಿ ಬಿತ್ತು. ಕೊನೆಯ ಹನಿಯವರೆಗೂ ತಂದೆ ಬೋಗುಣಿ ಹಿಡಿದೇ ಇದ್ದ. ಇಬ್ಬರ ಕೈಯೂ ಒಂದೇ ಬಣ್ಣಕ್ಕೆ ತಿರುಗಿತು.

"ನೀರೂ ತೆಗೀಲಾ?" ಎಂದಳು ಅವಳು ಅಡಿಯಿಂದ.

"ನೀರು ಮನೆ ನಲ್ಲೀದು. ಕೊಳವೆ ಬಿಚ್ಚಿದಾಗ್ಲೇ ಹರಿದುಹೋಗಿದೆ."

ಪ್ರಿಸ್ಕಾ ಇಷ್ಟು ಹೊತ್ತೂ ಬಾಗಿಲಲ್ಲಿ ನಿಂತಿದ್ದಳು. ತಲೆಯ ಮೇಲಿನ ಬಟ್ಟೆ ಬಿಚ್ಚಿ ಮತ್ತೆ ಕಟ್ಟಿಕೊಂಡಳು.

"ಅಪ್ಪ ಮಗಳು ಇಬ್ಬರೂ ಗೆದ್ರಿ," ಎಂದಳು. "ಈಗ ಹೇಳಿ, ನನ್ನ ಮೀನು ಯಾರು ಹೊರ್ತೀರಿ?"

*

ಎನೆಲೆಸ್ ಮತ್ತು ಮುಕೂಕಾ ಬಸ್ಸಿನಲ್ಲಿ ಹೋದರು. ಹೋಗುವ ಹಿಂದಿನ ದಿನ ಪ್ರಿಸ್ಕಾ ಕೋಳಿ ಮಾಡಿದಳು; ನೆಂಟರನ್ನು ಒಳ್ಳೆಯ ಊಟ ಹಾಕದೆ ಕಳಿಸಿದ ಮಾತು ಅವಳಿಗೆ ಬೇಡವಾಗಿತ್ತು. ಕಸೊಂಡೆ ತಟ್ಟೆಯ ಅಂಚನ್ನು ತಡಕಿದ. ಮತ್ತೆ ತಡಕಿದ.

"ಯಜಮಾನನ ತುಂಡು ಎಲ್ಲಿ?"

"ಈ ಕೋಳಿಗೆ ಇರಲಿಲ್ಲ," ಎಂದಳು ಪ್ರಿಸ್ಕಾ.

ಅಡುಗೆಮನೆಯಲ್ಲಿ ಸಂಪಾ ಬೆನ್ನು ತಿರುಗಿಸಿ ಕೂತು ಅಗಿಯುತ್ತಿದ್ದಳು. ಗಟ್ಟಿಯಾಗಿತ್ತು. ಅಂಥ ರುಚಿಯೇನೂ ಇರಲಿಲ್ಲ.

ಮುಕೂಕಾ ಬಿಡಿಭಾಗ ಹೊಂದಿಸಿಕೊಂಡು ಬರುತ್ತೇನೆಂದು ಹೇಳಿಹೋಗಿದ್ದ. ಒಂದು ಸಲ ಬಂದ, ಅದೂ ತನ್ನ ಎರಡು ಟೈರಿಗೆ. ಕಾರು ನಾಲ್ಕೂ ಕಡೆ ಇಟ್ಟಿಗೆಯ ಮೇಲೆ ಕೂತಿತು. ಕೊಟ್ಟದ್ದನ್ನು ಕಸೊಂಡೆ ಮಾರುವಂತಿಲ್ಲ. ತೆಗೆದದ್ದನ್ನು ಸಂಪಾ ಹಾಕುವಂತಿಲ್ಲ. ಬ್ಯಾಟರಿ, ಆಲ್ಟರ್ನೇಟರ್ ಮಾರ್ಕೆಟ್ಟಿನ ಹಿಂದಿನ ಅಂಗಡಿಗೆ ಹೋದವು. ಅದರಲ್ಲಿ ಒಂದು ಕೈಗಾಡಿ ಬಂತು. ನರ್ಸುಗಳು ಬೇರೆ ಕಾರು ಹಿಡಿದರು. ಕ್ಲಿನಿಕ್ಕಿಗೆ ಹೋಗುವ ದಿನ ಸಂಪಾ ಕೈಗಾಡಿಯ ಮೇಲೆ ದಿಂಬು ಹಾಕಿ, "ಕೂತ್ಕೊಳ್ಳಿ ಅಪ್ಪಾ," ಎಂದಳು. "ನಾನು ಮೀನಲ್ಲ," ಎಂದು ಕಸೊಂಡೆ ನಡೆದೇ ಹೋದ. ತಿರುವಿನಿಂದ ಯಾರೋ ಅವನನ್ನು ಎತ್ತಿಕೊಂಡು ಬಂದರು. ಆಮೇಲೆ ಅವನು ಕ್ಲಿನಿಕ್ಕಿನ ಮಾತೆತ್ತಲಿಲ್ಲ.

ಅಕ್ಟೋಬರಿನ ಸೆಕೆ ಶುರುವಾಗಿತ್ತು. ಒಂದು ಶನಿವಾರ ಬೆಳಿಗ್ಗೆ ಸಂಪಾ ಮೀನಿನ ಚೀಲಗಳನ್ನು ಗಾಡಿಗೆ ಕಟ್ಟುತ್ತಿದ್ದಾಗ, ಹಿಂದೆ ಬಾನೆಟ್ ಎತ್ತಿದ ಸದ್ದಾಯಿತು. ಕಸೊಂಡೆ ಅರ್ಧ ಖಾಲಿಯಾದ ಗುಳಿಯೊಳಗೆ ಕೈಯಾಡಿಸಿ ಆಯಿಲ್ ಕಡ್ಡಿಯನ್ನು ಹುಡುಕಿ ಎಳೆದ. ಅದು ಕಾರಿನ ಜೊತೆ ಬಂದದ್ದು, ಅವಳು ಬಿಚ್ಚಿರಲಿಲ್ಲ. ಬನಿಯನ್ನಿನ ಚೂರಿನಿಂದ ಒರೆಸಿ, ತೂರಿಸಿ, ಎಳೆದು, ಗಾಡಿಯ ಸದ್ದು ಬಂದ ಕಡೆಗೆ ಹಿಡಿದ.

"ಎಷ್ಟಿದೆ?"

ಸಂಪಾ ಗಾಡಿಯ ಹಿಡಿ ಬಿಡದೆ ತಿರುಗಿ ನೋಡಿದಳು.

"ಏನಿಲ್ಲ ಅಪ್ಪಾ. ಒಣಗಿದೆ."

"ಮೊದಲನೇ ಸಲ ಹಾಗೇ ಹೇಳುತ್ತೆ," ಎಂದ ಕಸೊಂಡೆ.

ಅವನು ಕಡ್ಡಿಯನ್ನು ನಿಧಾನವಾಗಿ, ಬುಡದಿಂದ ತುದಿಯವರೆಗೆ, ಮತ್ತೆ ಒರೆಸಿದ. ಮತ್ತೆ ಒಳಗೆ ತೂರಿಸಿ, ಸ್ವಲ್ಪ ಹೊತ್ತು ಬಿಟ್ಟು, ಎಳೆದು ಹಿಡಿದ. ಅಷ್ಟರಲ್ಲಿ ಗಾಡಿಯ ಚಕ್ರದ ಸದ್ದು ಬೀದಿಯ ತಿರುವು ದಾಟಿತ್ತು.